ಸೊನ್ನೆ ನಂಬರಿನ ಕಣ್ಣು

ಆಜಾನುಬಾಹು ಎಂದರೆ ಮೊಣಕಾಲು ಮುಟ್ಟುವಷ್ಟು ಉದ್ದ ತೋಳಿನವನು ಎಂದು ನಿಘಂಟು ಹೇಳುತ್ತದೆ. ಆ ವೀರರ ತೋಳು ಬೆಳೆದದ್ದು ಕೆಳಕ್ಕೆ. ತೋಳು ಮುಂದಕ್ಕೆ ಬೆಳೆದವನಿಗೆ ಏನೆನ್ನಬೇಕೆಂದು ಯಾವ ನಿಘಂಟೂ ಹೇಳಿಲ್ಲ. ಹೇಳಿದ್ದರೆ ಆ ಶಬ್ದದ ಪಕ್ಕದಲ್ಲಿ ನಮ್ಮ ಬೀದಿಯ ಕನ್ನಡಕದಂಗಡಿಯವನ ಚಿತ್ರವನ್ನು ಅಚ್ಚು ಹಾಕಬೇಕಾಗುತ್ತಿತ್ತು.

ನಲವತ್ತು ದಾಟಿದಾಗ ಅವನು ಪತ್ರಿಕೆಯನ್ನು ಮುಖದಿಂದ ಒಂದು ಮೊಳ ದೂರ ಹಿಡಿಯುತ್ತಿದ್ದ. ನಲವತ್ತೈದಕ್ಕೆ ಅದು ಒಂದೂವರೆ ಮೊಳವಾಯಿತು. ಐವತ್ತಕ್ಕೆ ತೋಳನ್ನು ಪೂರ್ತಿ ಚಾಚಿ, ಬೆನ್ನನ್ನು ಕುರ್ಚಿಗೆ ಒತ್ತಿ, ಗದ್ದವನ್ನು ಕುತ್ತಿಗೆಯೊಳಗೆ ಹುದುಗಿಸಿ, ಹೆದೆ ಎಳೆದ ಬಿಲ್ಲುಗಾರನಂತೆ ಕೂತು ತಲೆಬರಹ ಓದುತ್ತಿದ್ದ. ಕ್ಷೌರದಂಗಡಿಯಲ್ಲಿ ಅವನು ಪತ್ರಿಕೆ ಬಿಡಿಸಿದರೆ ಎದುರು ಬೆಂಚಿನವರು ಕಾಲು ಮಡಚಿಕೊಳ್ಳುತ್ತಿದ್ದರು. ಒಮ್ಮೆ ರೈಲಿನಲ್ಲಿ ಎದುರು ಸೀಟಿನ ಹೆಂಗಸು, ಈ ಮನುಷ್ಯ ತನಗೇ ಕೊಡುತ್ತಿದ್ದಾನೆಂದು ತಿಳಿದು, ಪತ್ರಿಕೆಯನ್ನು ಅವನ ಕೈಯಿಂದ ತೆಗೆದುಕೊಂಡು "ಓದಿ ಕೊಡ್ತೀನಿ" ಅಂದಳಂತೆ. ಅವನು ಬೇಡವೆನ್ನಲಿಲ್ಲ. ಅವಳ ಕೈಯಲ್ಲಿದ್ದಾಗ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಕಥಾನಾಯಕನ ವೃತ್ತಿ ಏನೆಂಬುದನ್ನು ಮರೆಯಬಾರದು. ಅವನು ಊರಿಗೆಲ್ಲ ಕನ್ನಡಕ ಹಾಕಿಸುವವನು. ಬೀದಿಯ ಅರ್ಧಕ್ಕರ್ಧ ಮೂಗುಗಳ ಮೇಲೆ ಕೂತಿರುವುದು ಅವನ ಅಂಗಡಿಯ ಸರಕೇ. ತನ್ನ ಮೂಗಿನ ಮೇಲೆ ಮಾತ್ರ ಅವನು ನೊಣವನ್ನೂ ಕೂರಲು ಬಿಟ್ಟವನಲ್ಲ. ಯಾಕೆಂದು ಕೇಳಿದವರಿಗೆ ಒಂದೇ ಉತ್ತರ.

"ನನ್ ಕಣ್ಣಿನ ನಂಬರ್ ಸೊನ್ನೆ."

ಇದು ಸುಳ್ಳಲ್ಲ, ಹಳೆಯ ನಿಜ. ಹದಿನೆಂಟನೆಯ ವಯಸ್ಸಿನಲ್ಲಿ ಕೆಲಸ ಕಲಿಯಲು ಸೇರಿದಾಗ, ಕಲಿಸುವ ಯಜಮಾನ ಅವನನ್ನು ಅಕ್ಷರದ ಪಟದೆದುರು ಕೂರಿಸಿ, ಇರುವೆಯಷ್ಟು ಸಣ್ಣ ಕೊನೆಯ ಸಾಲಿನವರೆಗೂ ಓದಿಸಿ, "ಸೊನ್ನೆ ಕಣಯ್ಯ. ಇಂಥ ಕಣ್ಣು ಇಟ್ಕೊಂಡು ಅಳೆದ್ರೆ ಯಾವನ ನಂಬರೂ ತಪ್ಪಲ್ಲ" ಅಂದಿದ್ದ. ಕೆಲವರಿಗೆ ಹದಿನೆಂಟಕ್ಕೆ ಪ್ರೀತಿ ಸಿಗುತ್ತದೆ, ಕೆಲವರಿಗೆ ನೌಕರಿ. ಇವನಿಗೆ ಸಿಕ್ಕಿದ್ದು ಸೊನ್ನೆ. ಅದನ್ನು ಅವನು ಬಿರುದಿನಂತೆ ಹೊತ್ತು ಓಡಾಡಿದ. ಜನ ಅವನನ್ನು 'ಸೊನ್ನೆ ಸಾಹೇಬ' ಎಂದು ಕರೆಯತೊಡಗಿದಾಗ ಅದರಲ್ಲಿ ನಗೆಯ ಪಾಲೆಷ್ಟು ಎಂದು ಅವನು ವಿಚಾರಿಸಲು ಹೋಗಲಿಲ್ಲ.

ಅಂಗಡಿ ನಡೆಯುತ್ತಿದ್ದ ಬಗೆಯನ್ನೂ ಹೇಳಿಬಿಡಬೇಕು. ಉದ್ದಕ್ಕೆ ಒಂದು ಕೋಣೆ. ಒಂದು ತುದಿಗೆ ಎತ್ತರದ ಕುರ್ಚಿ, ಇನ್ನೊಂದು ತುದಿಗೆ ದೀಪ ಹಚ್ಚಿದ ಅಕ್ಷರದ ಪಟ. ಮೇಜಿನ ಮೇಲೆ ಮಖಮಲ್ಲಿನ ಗುಳಿಗಳಲ್ಲಿ ಸಾಲಾಗಿ ಕೂತ ಪರೀಕ್ಷೆಯ ಗಾಜುಗಳ ಪೆಟ್ಟಿಗೆ. ಯಾವ ಗುಳಿಯಲ್ಲಿ ಯಾವ ನಂಬರಿದೆ ಎಂಬುದು ಸಾಹೇಬನ ಬೆರಳಿಗೆ ಗೊತ್ತು; ಹಾರ್ಮೋನಿಯಂ ನುಡಿಸುವವನಂತೆ ಅವನು ನೋಡದೆಯೇ ತೆಗೆಯುತ್ತಿದ್ದ. ಗಾಜಿನ ಲಕೋಟೆಯ ಮೇಲಿನ ಸಣ್ಣ ಅಂಕಿಗಳನ್ನು ಓದುವುದು, ಫ್ರೇಮಿನ ಎಳ್ಳಿನಷ್ಟು ತಿರುಪು ಬಿಗಿಯುವುದು, ಪತ್ರಿಕೆಯ ತಲೆಬರಹದ ಕೆಳಗಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವುದು ಹೆಂಡತಿಯ ಪಾಲು. "ಸಣ್ಣ ಕೆಲಸಕ್ಕೆ ಸಣ್ಣ ಬೆರಳು ಬೇಕು" ಎಂದು ಅವನು ಗಿರಾಕಿಗಳಿಗೆ ವಿವರಿಸುತ್ತಿದ್ದ. ಹೆಂಡತಿ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡು ತಿರುಪಿಗೆ ಮರಳುತ್ತಿದ್ದಳು. ಅವಳ ಬೆರಳು ಅವನ ಬೆರಳಿಗಿಂತ ದಪ್ಪವಿತ್ತು.

ಇಂಥವನ ತಲೆಗೆ ದುರ್ಬೀನು ಹೊಕ್ಕಿದ್ದು ಕುಲಾಭಿಮಾನದಿಂದ. ಲೋಕದ ಮೊದಲ ದುರ್ಬೀನುಗಳನ್ನು ಮಾಡಿದವರು ಕನ್ನಡಕದ ಗಾಜು ಉಜ್ಜುವವರು ಎಂದು ಅವನು ಎಲ್ಲಿಯೋ ಕೇಳಿದ. ಅಂದರೆ, ಹೆಂಡತಿ ಓದಿದಳು, ಅವನು ಕೇಳಿದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಭೂಮಿಯನ್ನು ವಿಶ್ವದ ಸಿಂಹಾಸನದಿಂದ ಇಳಿಸಿದ್ದು ರಾಜರಲ್ಲ, ಸೈನ್ಯವಲ್ಲ, ನಮ್ಮವರು. ಹೀಗೆಂದುಕೊಂಡು ಅವನು ಒಂದು ದುರ್ಬೀನು ಕಟ್ಟಿಯೇಬಿಟ್ಟ. ಮುಂದುಗಡೆ ಅಜ್ಜಂದಿರಿಗೆ ಕೊಡುವ ಪ್ಲಸ್ ಒಂದರ ಉಬ್ಬು ಗಾಜು. ಹಿಂದುಗಡೆ, ಕಣ್ಣಿಡುವಲ್ಲಿ, ಮೈನಸ್ ಹದಿನೈದರ ತಗ್ಗು ಗಾಜು. ನಡುವೆ ಎರಡು ಮೊಳದ ಕೊಳವೆ ಬೇಕಿತ್ತು. ಅದನ್ನು ಕೊಟ್ಟವನು ಎದುರಂಗಡಿಯ ದರ್ಜಿ.

ದರ್ಜಿ ಅವನ ಜೀವದ ಗೆಳೆಯ. ಕೋಟು ಕತ್ತರಿಸುವುದರಲ್ಲಿ ಅವನ ಕೈಗೆ ಎರಡನೆಯ ಮಾತಿರಲಿಲ್ಲ; ಅಳತೆಪಟ್ಟಿ ಕುತ್ತಿಗೆಯಲ್ಲಿ ತೂಗುತ್ತಿದ್ದರೂ ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಹೆಗಲ ಅಗಲ ಹೇಳಿಬಿಡುತ್ತಿದ್ದ. ಬಟ್ಟೆಯ ಸುರುಳಿಯೊಳಗಿನ ರಟ್ಟಿನ ಕೊಳವೆಗಳಲ್ಲಿ ಒಂದರೊಳಗೊಂದು ಜಾರುವಂಥ ಎರಡನ್ನು ಆರಿಸಿ ತಂದು, "ಇಗೋ ಸಾಹೇಬ, ಆಕಾಶಕ್ಕೆ ಅಂಗಿ" ಎಂದು ಮೇಜಿನ ಮೇಲಿಟ್ಟಿದ್ದ.

ಒಂದು ಸಂಜೆ ಗುರುಗ್ರಹ ಮೂಡಣದಲ್ಲಿ ಎದ್ದಾಗ ಸಾಹೇಬ ಅಂಗಡಿಯ ತಾರಸಿಯ ಮೇಲೆ ದುರ್ಬೀನನ್ನು ಮೂರು ಕಾಲಿನ ಕಟ್ಟಿಗೆಯ ಮೇಲೆ ನಿಲ್ಲಿಸಿದ. ಒಳಕೊಳವೆಯನ್ನು ಹಿಂದೆ ಮುಂದೆ ಜಾರಿಸಿ, ತನ್ನ ಕಣ್ಣಿಗೆ ಗುರು ದುಂಡಗೆ, ಅದರ ಆಚೀಚೆ ನಾಲ್ಕು ಚುಕ್ಕಿಗಳು ಮೊನಚಾಗಿ ಕಂಡ ಕೂಡಲೇ ಕೈ ನಿಲ್ಲಿಸಿದ. ಆಮೇಲೆ ಯಾರೂ ಅಲ್ಲಾಡಿಸಬಾರದೆಂದು ಆ ಜಾಗಕ್ಕೆ ಅಂಟುಪಟ್ಟಿ ಸುತ್ತಿ, ಮೇಲೆ ದಾರ ಬಿಗಿದು, ಮೇಣ ಸುರಿದು ಮುದ್ರೆ ಒತ್ತಿದ.

"ಸೊನ್ನೆ ಕಣ್ಣಿಗೆ ಸರಿ ಮಾಡಿಟ್ಟಿದ್ದೀನಿ. ಇನ್ನು ಇದು ಯಾರ ಕಣ್ಣಿಗಾದ್ರೂ ಸರಿಯೇ. ಕನ್ನಡಕ ಇರೋರು ತೆಗೆದು ನೋಡಿ. ಕನ್ನಡಕದ ಕೆಲಸ ಇದೇ ಮಾಡುತ್ತೆ."

ಬೀದಿಯವರೆಲ್ಲ ಮೆಟ್ಟಿಲಿನ ಮೇಲೆ ಸಾಲುಗಟ್ಟಿದ್ದರು. ಅವನ ಭಾಷಣ ಶುರುವಾಯಿತು. ಹಿಂದಿನ ಕಾಲದ ಪಂಡಿತರು ಭೂಮಿ ನಟ್ಟನಡುವೆ ಕೂತಿದೆ, ಉಳಿದದ್ದೆಲ್ಲ ಅದಕ್ಕೆ ಸುತ್ತು ಹಾಕುತ್ತದೆ ಎಂದು ನಂಬಿದ್ದರು. ಗ್ರಹಗಳು ಆ ಲೆಕ್ಕಕ್ಕೆ ಬಗ್ಗದೆ ಒಮ್ಮೊಮ್ಮೆ ಹಿಂದಕ್ಕೆ ನಡೆದಾಗ, ನಡುವಿನಿಂದ ಭೂಮಿಯನ್ನು ಕದಲಿಸುವ ಬದಲು ಚಕ್ರದ ಮೇಲೊಂದು ಚಕ್ರ ಕೂರಿಸಿದರು. ಅದೂ ಸಾಲದಾದರೆ ಮತ್ತೊಂದು. ಆಗ ದುರ್ಬೀನು ಬಂತು. ಗೆಲಿಲಿಯೊ ಎಂಬ ಗಣಿತದ ಮೇಷ್ಟ್ರು ತಾನೇ ಗಾಜು ಉಜ್ಜಿ ಅದನ್ನು ಆಕಾಶಕ್ಕೆ ತಿರುಗಿಸಿದ. ಚಂದ್ರನ ಮೇಲೆ ಹಳ್ಳ ದಿಣ್ಣೆ ಕಂಡವು. ಹಾಲು ಚೆಲ್ಲಿದಂತಿದ್ದ ಆಕಾಶದ ಪಟ್ಟಿ ಸಾವಿರಾರು ನಕ್ಷತ್ರವಾಗಿ ಒಡೆಯಿತು. ಶುಕ್ರ ಚಂದ್ರನ ಹಾಗೆ ಬೆಳೆದು ಕರಗುವುದು ಕಂಡಿತು. ಅಂದರೆ ಅದು ಸುತ್ತುತ್ತಿದ್ದುದು ಸೂರ್ಯನನ್ನು. ಗುರುವಿನ ಪಕ್ಕದಲ್ಲಿ ನಾಲ್ಕು ಚುಕ್ಕಿಗಳು ದಿನದಿನಕ್ಕೂ ಜಾಗ ಬದಲಿಸುತ್ತಿದ್ದವು. ಅವು ಗುರುವನ್ನೇ ಸುತ್ತುತ್ತಿದ್ದವು, ನಮ್ಮನ್ನಲ್ಲ.

"ಆಗ್ಲೂ ಕೆಲವ್ರು ಕೊಳವೆ ಒಳಗೆ ಕಣ್ಣಿಡೋಕೇ ಒಪ್ಪಲಿಲ್ಲ" ಎಂದ ಸಾಹೇಬ. "ಇನ್ನು ಕೆಲವ್ರು ನೋಡಿ, ಏನೂ ಕಾಣ್ಸಲ್ಲ ಅಂದ್ರು. ಅಂಥೋರು ಎಲ್ಲಾ ಕಾಲದಲ್ಲೂ ಇರ್ತಾರೆ. ಬನ್ನಿ, ಬೇಗ ನೋಡಿ, ಭೂಮಿ ತಿರುಗ್ತಾ ಇದೆ."

ಮೊದಲು ಬಗ್ಗಿದವನು ಬ್ಯಾಂಕಿನ ಗುಮಾಸ್ತ. ಅವನಿಗೆ ಕಂಡದ್ದು ಒದ್ದೆ ಹೆಬ್ಬೆರಳು ಒತ್ತಿದಂಥ ಒಂದು ಮಬ್ಬು ಕಲೆ. ಹಿಂದೆ ಜನ ಕಾಯುತ್ತಿದ್ದರು. ಈಗಷ್ಟೇ ಕೇಳಿದ ಭಾಷಣ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಕಾಣಿಸಲಿಲ್ಲ ಎಂದರೆ ಹಳೆ ಕಾಲದ ಪಂಡಿತರ ಸಾಲಿಗೆ ಸೇರುವುದು ಖಂಡಿತ. "ಅಬ್ಬಾ, ನಾಲ್ಕೂ ಕಂಡ್ವು" ಎಂದುಬಿಟ್ಟ. ಗುಮಾಸ್ತನಿಗೆ ಕಂಡ ಮೇಲೆ ಅವನ ಹೆಂಡತಿಗೆ ಕಾಣದಿರುವುದು ಹೇಗೆ? ಅವಳಿಗೆ ಕಂಡ ಮೇಲೆ ಹಾಲಿನವಳಿಗೆ? ಉತ್ಸಾಹದಲ್ಲಿ ಒಬ್ಬರು ಐದು ಎಣಿಸಿದರು. ತಾರಸಿಯ ತುಂಬ ಮೆಚ್ಚುಗೆ. ಎಲ್ಲರೂ ಒಳಗೊಳಗೇ ನಾಚಿಕೊಂಡು, ತನ್ನೊಬ್ಬನ ಕಣ್ಣೇ ಕೆಟ್ಟಿದೆಯೆಂದು ತಿಳಿದು, ಪಕ್ಕಕ್ಕೆ ಸರಿದು ನಿಂತರು.

ದರ್ಜಿಯ ಸರದಿ ಬಂತು. ಅವನು ಕಣ್ಣಿಟ್ಟ, ತೆಗೆದ, ಉಜ್ಜಿಕೊಂಡ, ಮತ್ತೆ ಇಟ್ಟ.

"ಏನಯ್ಯ ಇದು, ಕೋಟಿನ ಮೇಲೆ ಟೀ ಚೆಲ್ಲಿದ ಹಾಗಿದೆ. ಚುಕ್ಕಿಗಿಕ್ಕಿ ಒಂದೂ ಇಲ್ಲ."

ಮೊದಲೇ ನೋಡಿ ಹೊಗಳಿದ್ದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಸಾಹೇಬನ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾದಾಗ ಅವನ ನಾಲಿಗೆ ಹರಿತವಾಗುತ್ತಿತ್ತು.

"ಎದುರಿಗಿರೋ ಗುರುವೇ ಕಾಣ್ಸಲ್ಲ ಅಂದ್ರೆ ಸೂಜಿ ಕಣ್ಣು ಹೇಗಪ್ಪ ಕಾಣ್ಸುತ್ತೆ? ಇನ್ಮೇಲೆ ಇವನ ಹತ್ರ ಕೋಟು ಹೊಲಿಸಿದೋರು, ಎರಡೂ ತೋಳು ಇದೆಯಾ ಅಂತ ಎಣಿಸಿ ತಗೊಂಡು ಹೋಗಿ."

ನಗು ಭೋರೆಂದು ಎದ್ದಿತು. ಸಿಕ್ಕಿಬೀಳದೆ ಉಳಿದವರು ನಗುವಷ್ಟು ಜೋರಾಗಿ ಬೇರೆ ಯಾರೂ ನಗುವುದಿಲ್ಲ. ದರ್ಜಿಯೂ ನಕ್ಕ, ಸ್ವಲ್ಪ ತಡವಾಗಿ.

ಮರುದಿನ ಅವನು ತಾನಾಗಿಯೇ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತ. ಸಾಹೇಬ ಗಾಜಿನ ಮೇಲೆ ಗಾಜು ಹಾಕಿ ನೋಡಿದ. ಯಾವ ಗಾಜೂ ಬೇಕಾಗಲಿಲ್ಲ. ದರ್ಜಿಯ ಕಣ್ಣು ಸೊನ್ನೆಯೇ ಸೊನ್ನೆ. ಇಲ್ಲಿ ಬುದ್ಧಿವಂತನೊಬ್ಬ ತನ್ನ ದುರ್ಬೀನನ್ನು ಅನುಮಾನಿಸಬೇಕಿತ್ತು. ಸಾಹೇಬ ಚಕ್ರದ ಮೇಲೊಂದು ಚಕ್ರ ಕೂರಿಸಿದ.

"ಕಣ್ಣು ಸರಿಯಿದೆ. ಹಿಂದಿರೋ ನರದಲ್ಲಿ ಏನೋ ಇದೆ. ಅದಕ್ಕೆ ಗಾಜಿಲ್ಲ."

"ನರವಾ?"

"ಹೂಂ. ಹುಷಾರಾಗಿರು."

ದರ್ಜಿ ಕುರ್ಚಿಯಿಂದ ನಿಧಾನ ಇಳಿದ, ಮೆಟ್ಟಿಲು ಎಲ್ಲಿದೆಯೆಂದು ಕಾಲಿನಿಂದ ತಡವುತ್ತ. ಆಮೇಲೆ ಅವನು ಟೀಗೆ ಬರುವುದು ಕಡಿಮೆಯಾಯಿತು, ನಿಂತಿತು. ರಸ್ತೆಯಲ್ಲಿ ಸಿಕ್ಕರೆ "ಏನಯ್ಯ" ಹೋಗಿ "ಚೆನ್ನಾಗಿದ್ದೀರಾ?" ಬಂತು. ಹಳೇ ಗೆಳೆಯನ ಬಾಯಲ್ಲಿ ಈಗ ಬಹುವಚನ. ಸಾಹೇಬನಿಗೂ ಅದು ತಿಳಿಯಿತು. ಮುನಿಸಿಕೊಂಡಿದ್ದಾನೆ, ತಾನೇ ಸರಿಹೋಗುತ್ತಾನೆ ಎಂದು ಅವನು ಅದರ ಮೇಲೂ ಒಂದು ಚಕ್ರ ಕೂರಿಸಿದ. ಹೀಗೆ ಕೆಲವು ವರ್ಷ ಕಳೆದವು. ಪ್ರತಿ ವರ್ಷವೂ ಗುರು ಸಂಜೆಯಾಕಾಶಕ್ಕೆ ಬಂದಾಗ ತಾರಸಿಯ ಮೇಲೆ ಅದೇ ಭಾಷಣ, ಅದೇ ಮೇಣದ ಮುದ್ರೆ, ಅದೇ "ಅಬ್ಬಾ".

ಈ ವರ್ಷದ ಪ್ರದರ್ಶನಕ್ಕೆ ಬೇರೆ ಊರಿನಿಂದ ಅಕ್ಕ ಬಂದಳು.

ಅಕ್ಕ ಅವನಿಗಿಂತ ಎರಡು ವರ್ಷ ದೊಡ್ಡವಳು. ಅದೇ ಮೂಗು, ಅದೇ ಗದ್ದ, ಕೋಪ ಬಂದರೆ ಕೆಂಪಾಗುವ ಅದೇ ಕಿವಿ. ಹಿಂದೊಮ್ಮೆ ಬಂದಾಗ ಅವಳಿಗೆ ದುರ್ಬೀನಿನಲ್ಲಿ ಎಲ್ಲವೂ ನಿಚ್ಚಳವಾಗಿ ಕಂಡಿತ್ತು. "ನಮ್ಮ ಮನೆತನದ ಕಣ್ಣು" ಎಂದು ಸಾಹೇಬ ಅಂದು ಬೀಗಿದ್ದ. ಈ ಸಲ ಅವಳು ಸೆರಗಿನ ಮರೆಯಲ್ಲಿ ಒಂದು ಕನ್ನಡಕದ ಡಬ್ಬಿ ಅಡಗಿಸಿಕೊಂಡಿದ್ದಳು. ತಮ್ಮನೇ ಕನ್ನಡಕದಂಗಡಿ ಇಟ್ಟಿರುವಾಗ ಬೇರೆಯವನ ಅಂಗಡಿಯಲ್ಲಿ ಮಾಡಿಸಿದ್ದು ಒಂದು ನಾಚಿಕೆ. ಸೊನ್ನೆ ಸಾಹೇಬನ ಅಕ್ಕನಿಗೆ ನಂಬರ್ ಬಂದದ್ದು ಇನ್ನೊಂದು.

ಅವಳು ಬಗ್ಗಿ ನೋಡಿದಳು. "ಚೆನ್ನಾಗಿದೆ ಕಣೋ. ಒಂದ್ ಕಡೆ ಮೂರು, ಇನ್ನೊಂದ್ ಕಡೆ ಒಂದು."

"ನೋಡಿದ್ರಾ?" ಎಂದ ಸಾಹೇಬ ಸಭೆಗೆ. ಸಭೆ ತಲೆಯಾಡಿಸಿತು.

ಅಕ್ಕನಿಗೆ ಇನ್ನೂ ಚೆನ್ನಾಗಿ ನೋಡುವ ಆಸೆಯಾಯಿತು. ಅತ್ತಿತ್ತ ನೋಡಿ, ಸೆರಗಿನಿಂದ ಡಬ್ಬಿ ತೆಗೆದು, ಕನ್ನಡಕ ಏರಿಸಿಕೊಂಡು ಮತ್ತೆ ಬಗ್ಗಿದಳು. ತಲೆ ಎತ್ತಿದಳು. ಕನ್ನಡಕ ತೆಗೆದು ನೋಡಿದಳು. ಹಾಕಿಕೊಂಡು ನೋಡಿದಳು.

"ಇದೇನೋ ವಿಚಿತ್ರ? ಬೀದಿಯೆಲ್ಲ ಈ ಕನ್ನಡಕದಲ್ಲೇ ಚೆನ್ನಾಗಿ ಕಾಣುತ್ತೆ. ನಿನ್ ದುರ್ಬೀನು ಮಾತ್ರ ಕನ್ನಡಕ ತೆಗೆದ್ರೇನೇ ಸರಿ. ಹಾಕ್ಕೊಂಡ್ರೆ ಗುರು ಗಂಜಿ ಆಗ್ಬಿಡ್ತಾನೆ."

"ಕನ್ನಡಕವಾ? ನಿಂಗ್ಯಾವಾಗ ಬಂತು?"

"ಬೈಬೇಡ. ಪ್ಲಸ್ ಎರಡೂವರೆ. ಚಿಕ್ಕೋಳಿದ್ದಾಗಿಂದ್ಲೂ ಇದ್ದಿರ್ಬೇಕು, ಹರೆಯದಲ್ಲಿ ಕಣ್ಣೇ ಸಾವರಿಸ್ಕೊಂಡು ಹೋಗುತ್ತೆ, ಗೊತ್ತಾಗಲ್ಲ ಅಂದ್ರು ಅಲ್ಲಿಯೋರು. ನಮ್ಮನೆ ಕಡೆ ಎಲ್ರಿಗೂ ಇರ್ಬೇಕು ಅಂದ್ರು. ನಿನ್ನ ಬಿಟ್ಟು ಅಂತ ಹೇಳ್ದೆ."

ತಾರಸಿಯ ಮೇಲೆ ಇದು ಯಾರಿಗೂ ಏನೂ ಅನ್ನಿಸಲಿಲ್ಲ. ಅಕ್ಕನಿಗೂ ಅನ್ನಿಸಲಿಲ್ಲ. ಅನ್ನಿಸಿದ್ದು ಒಬ್ಬನಿಗೆ. ಅವನ ದುರದೃಷ್ಟಕ್ಕೆ ಅವನು ತನ್ನ ಕಸುಬನ್ನು ಚೆನ್ನಾಗಿ ಬಲ್ಲವನಾಗಿದ್ದ. ಪ್ಲಸ್ ಎರಡೂವರೆಯ ಬರಿಗಣ್ಣಿಗೆ ಈ ಕೊಳವೆ ನಿಚ್ಚಳವಾಗಿದ್ದರೆ, ಅದೇ ಕಣ್ಣನ್ನು ಕನ್ನಡಕ ಹಾಕಿ ಸೊನ್ನೆ ಮಾಡಿದಾಗ ಮಬ್ಬಾದರೆ, ಈ ಕೊಳವೆಯನ್ನು ಮುದ್ರೆಯೊತ್ತಿ ನಿಲ್ಲಿಸಿದ ಕಣ್ಣಿನ ನಂಬರ್ ಎಷ್ಟು? ಇಷ್ಟು ಸುಲಭದ ಲೆಕ್ಕವನ್ನು ಅವನು ಕೆಲಸ ಕಲಿತ ಮೊದಲ ವರ್ಷದಲ್ಲೇ ಬಿಡಿಸುತ್ತಿದ್ದ.

"ಗಾಜು ಒರೆಸೋ ಬಟ್ಟೆ ತರ್ತೀನಿ" ಎಂದು ಅವನು ಕೆಳಗಿಳಿದ. ಕಾಲು ಮೆಟ್ಟಿಲನ್ನು ತಡವುತ್ತಿತ್ತು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗಿರಾಕಿಗಳಿಗೆ ಹಾಕುವ ಪರೀಕ್ಷೆಯ ಫ್ರೇಮನ್ನು ಅವನು ಮೊದಲ ಸಲ ತನ್ನ ಮೂಗಿಗೇರಿಸಿದ. ತಗಡಿನ ಆ ಸಾಧನ ತೂಕವಾಗಿತ್ತು. ಹಾಕಿಕೊಂಡವನು ಬೃಹದಾಕಾರದ ಜೀರುಂಡೆಯಂತೆ ಕಾಣುತ್ತಾನೆ. ಅಕ್ಷರದ ಪಟದತ್ತ ನೋಡಿದ. ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಓದಿದ. ಅಷ್ಟೇ ಸರಾಗವಾಗಿ ಬಂತು. ಮೂವತ್ತು ವರ್ಷ ಜನರ ಬಾಯಲ್ಲಿ ಕೇಳಿ ಕೇಳಿ ಪಟ ಅವನಿಗೆ ಬಾಯಿಪಾಠವಾಗಿತ್ತು. ಅವನು ಅದನ್ನು ಓದುವುದು ಬಿಟ್ಟು ಎಷ್ಟು ಕಾಲವಾಗಿತ್ತೋ.

ಬಾಯಿಪಾಠವಿಲ್ಲದ್ದು ಏನಾದರೂ ಬೇಕಿತ್ತು. ತೆರೆದ ಬಾಗಿಲಿನಿಂದ ಎದುರಂಗಡಿಯ ಬೋರ್ಡು ಕಾಣುತ್ತಿತ್ತು. ಅದರ ಮೇಲೊಂದು ದೀಪ. ಗುಳಿಯಿಂದ ಬೆರಳು ತಾನಾಗಿ ಪ್ಲಸ್ ಒಂದನ್ನು ತೆಗೆದು ಫ್ರೇಮಿಗೆ ಇಳಿಸಿತು. ಬೋರ್ಡಿನ ಮಬ್ಬು ಸ್ವಲ್ಪ ಸರಿಯಿತು. ಪ್ಲಸ್ ಎರಡು. ಪ್ಲಸ್ ಎರಡೂವರೆ. ಅಕ್ಷರಗಳು ಮಂಜಿನಿಂದ ಒಬ್ಬೊಬ್ಬರಾಗಿ ಹೊರಬಂದು ಸಾಲಾಗಿ ನಿಂತವು.

ಅಲ್ಲಿ 'ಕೋಟು' ಎಂಬ ಶಬ್ದವಿತ್ತು ಎಂದು ಅವನಿಗೆ ಗೊತ್ತು. ಬಣ್ಣ ಹೊಡೆಸಿದ ದಿನ ಇಬ್ಬರೂ ಒಟ್ಟಿಗೆ ನಿಂತು ನೋಡಿದ್ದರು. ಈಗ ಆ ಜಾಗಕ್ಕೆ ಬಿಳಿ ಬಳಿದಿತ್ತು. ಕೆಳಗೆ ಸಣ್ಣದಾಗಿ: 'ಅಂಚು ಮಡಿಸುವುದು. ಕಾಜಾ. ಹಳೇ ಬಟ್ಟೆ ರಿಪೇರಿ.'

"ರೀ, ಮೇಲೆ ಎಲ್ರೂ ಕಾಯ್ತಿದ್ದಾರೆ" ಎನ್ನುತ್ತ ಹೆಂಡತಿ ಒಳಗೆ ಬಂದವಳು, ಅವನ ಮೂಗಿನ ಮೇಲಿದ್ದುದನ್ನು ಕಂಡು ನಿಂತಳು.

"ಅವನು ಕೋಟು ಹೊಲಿಯೋದು ಯಾವಾಗ ಬಿಟ್ಟ?"

"ನೀವು ನರ ಅಂದ್ರಲ್ಲ, ಅದಾದ್ಮೇಲೆ. ಬಟ್ಟೆಗೆ ಕತ್ತರಿ ಹಾಕೋಕೆ ಧೈರ್ಯ ಬರಲ್ಲ ಅಂದ್ನಂತೆ. ಕಣ್ಣನ್ನ ನಂಬೋ ಹಾಗಿಲ್ಲ, ಯಾರ್ದೋ ದುಬಾರಿ ಬಟ್ಟೆ ಯಾಕೆ ಹಾಳ್ಮಾಡ್ಲಿ ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ಬೋರ್ಡು ನಿಮ್ಮ ಬಾಗಿಲಿಗೆ ನೇರ ಇದೆ. ನೋಡಿರ್ತೀರಿ ಅಂದ್ಕೊಂಡೆ."

"ನನ್ ಕಣ್ಣಿಗೆ ನಂಬರಿದೆ ಅಂತ ನಿಂಗೆ ಗೊತ್ತಿತ್ತಾ?"

"ರೀ, ಹತ್ತು ವರ್ಷದಿಂದ ನಿಮ್ಗೆ ಪತ್ರಿಕೆ ಓದಿ ಹೇಳ್ತಿರೋಳು ನಾನು."

"ದುರ್ಬೀನಿನಲ್ಲಿ ನಿಂಗೆ ಚುಕ್ಕಿ ಕಂಡಿತ್ತಾ?"

"ಇಲ್ಲಾಂತ ಅವತ್ತೇ ರಾತ್ರಿ ಹೇಳಿದ್ನಲ್ಲ. ನಂಗೂ ನರ ಅಂದ್ರಿ."

ಸಾಹೇಬ ಗಿರಾಕಿಯ ಎತ್ತರದ ಕುರ್ಚಿಯಲ್ಲಿ ಕೂತುಬಿಟ್ಟ. ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದ ಮನುಷ್ಯನಿಗೆ ಅಂಗಡಿಯ ತುಂಬ ಕನ್ನಡಿಗಳಿರುವುದು ಕಷ್ಟ. ಎತ್ತ ತಿರುಗಿದರೂ ಒಂದು ಜೀರುಂಡೆ ಅವನನ್ನೇ ನೋಡುತ್ತಿತ್ತು, ಅದೂ ಪ್ರತಿ ಸುಕ್ಕು ಕಾಣುವಷ್ಟು ನಿಚ್ಚಳವಾಗಿ. ಇಷ್ಟು ವರ್ಷ ಅವನು ಭಾಷಣದಲ್ಲಿ ತನ್ನನ್ನು ಗಣಿತದ ಮೇಷ್ಟ್ರ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ಅವನು ನಿಂತಿದ್ದುದು ಎದುರು ಪಕ್ಷದಲ್ಲಿ. ತನ್ನ ಕಣ್ಣನ್ನು ನಡುವೆ ಕೂರಿಸಿ, ಊರಿನ ಕಣ್ಣುಗಳೆಲ್ಲ ಅದರ ಸುತ್ತ ಸುತ್ತಲಿ ಎಂದವನು ಅವನು. ಸುತ್ತದ ಕಣ್ಣಿಗೆ ನರದ ಚಕ್ರ ಕೂರಿಸಿದವನು. ಆ ಕತೆಯಲ್ಲಿ ಅವನು ಯಾವಾಗಲೂ ಹಾರಿಸಿಬಿಡುತ್ತಿದ್ದ ಒಂದು ಭಾಗವಿತ್ತು. ಮೇಷ್ಟ್ರು ಕಂಡೆ ಎಂದದ್ದಕ್ಕೇ ಲೋಕ ನಂಬಲಿಲ್ಲ. ಅವನು ದುರ್ಬೀನುಗಳನ್ನು ದೂರದ ಅರಮನೆಗಳಿಗೆ ಕಳಿಸಿದ. ಬೇರೆ ಊರಿನವರು ತಮ್ಮ ಕೈಯಿಂದ ಕೊಳವೆ ಜಾರಿಸಿ, ತಮ್ಮ ಕಣ್ಣಿಂದ ನೋಡಿ, ಅದೇ ನಾಲ್ಕು ಚುಕ್ಕಿ ಕಂಡರು. ಆಮೇಲೆ ನಂಬಿತು. ಕೊಳವೆಗೆ ಮೇಷ್ಟ್ರು ಮೇಣ ಸುರಿದು ಮುದ್ರೆ ಒತ್ತಿರಲಿಲ್ಲ.

ಸಾಹೇಬ ಜೀರುಂಡೆಯ ವೇಷದಲ್ಲೇ ತಾರಸಿಗೆ ಹತ್ತಿದ. ಇದು ಹೊಸ ಬಗೆಯ ಸಾಧನವಿರಬೇಕೆಂದು ಜನ ಗೌರವದಿಂದ ದಾರಿ ಬಿಟ್ಟರು. ಅವನು ಉಗುರಿನಿಂದ ಮೇಣ ಕೆರೆದು, ದಾರ ಕಿತ್ತು, ಕೊಳವೆಯನ್ನು ಬೆರಳಗಲಕ್ಕೂ ಕಡಿಮೆ ಒಳಗೆ ತಳ್ಳಿದ. ಗುಮಾಸ್ತನನ್ನು ಕರೆದ.

ಗುಮಾಸ್ತ ಅಭ್ಯಾಸದಂತೆ "ಅಬ್ಬಾ" ಎನ್ನಲು ಬಾಯಿ ತೆರೆದು ಬಗ್ಗಿದ. ಬಾಯಿ ತೆರೆದೇ ಇತ್ತು. ಭೂಮಿ ತಿರುಗಿ ಗುರು ಜಾರಿಹೋಗುವವರೆಗೂ ಅವನು ಕಣ್ಣು ತೆಗೆಯಲಿಲ್ಲ. ಎದ್ದು ನಿಂತಾಗ ಅವನ ಮುಖದ ಬಣ್ಣ ಬದಲಾಗಿತ್ತು.

"ಈ ವರ್ಷ... ಈ ವರ್ಷ ಇನ್ನೂ ಚೆನ್ನಾಗಿದೆ" ಎಂದ, ಯಾರ ಮುಖವನ್ನೂ ನೋಡದೆ.

"ಹವಾ ತಿಳಿಯಾಗಿದೆ" ಎಂದಳು ಅವನ ಹೆಂಡತಿ, ತಾನೂ ನೋಡಿ, ಅಷ್ಟೇ ಮೆಲ್ಲಗೆ.

ಒಬ್ಬೊಬ್ಬರಾಗಿ ಬಗ್ಗಿದರು, ಬೆಚ್ಚಿದರು, ಕೆಂಪಾದರು, ಹವಾ ಹೊಗಳಿದರು. ಈಗ ಕಂಡಿತು ಎಂದರೆ ಅಂದು ಕಂಡಿರಲಿಲ್ಲ ಎಂದು ಒಪ್ಪಿದಂತೆ. ಹಾಗಾಗಿ ಯಾರೂ ಒಪ್ಪಲಿಲ್ಲ. ಐದು ಎಣಿಸಿದ್ದವರು ಎರಡೆರಡು ಸಲ ಎಣಿಸಿ ಹಿಂದೆ ಸರಿದರು.

ಸಾಹೇಬನಿಗೆ ಅರ್ಥವಾಯಿತು, ತಾನು ಬಚಾವಾದೆ. ಇಡೀ ಬೀದಿ ತನ್ನ ಮರ್ಯಾದೆ ಉಳಿಸಿಕೊಳ್ಳಲು ಅವನ ಮರ್ಯಾದೆಯನ್ನೂ ಕಾಪಾಡುತ್ತದೆ. ಯಾರೂ ಕೇಳುವುದಿಲ್ಲ. ಕನ್ನಡಕ ಹಾಕಿದರೆ, ವಯಸ್ಸಾಯಿತು ಎಂದರೆ ಮುಗಿಯಿತು. ಇಂಥ ಸುರಕ್ಷಿತ ಜಾಗದಲ್ಲಿ ಮನುಷ್ಯ ನಿಂತಿರುವುದು ಅಪರೂಪ. ಅವನು ಅಲ್ಲೇ ಸ್ವಲ್ಪ ಹೊತ್ತು ನಿಂತ. ಆಮೇಲೆ ತಾರಸಿಯ ಗೋಡೆಯಿಂದ ಕೆಳಗೆ ನೋಡಿದ. ಎದುರಂಗಡಿಯ ದೀಪದಡಿ ದರ್ಜಿ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ. ಸೂಜಿಯನ್ನು ಕಣ್ಣಿನ ಹತ್ತಿರ ತಂದು, ಅನುಮಾನದಿಂದ ಇನ್ನೊಮ್ಮೆ ನೋಡಿ, ಆಮೇಲೆ ಚುಚ್ಚುತ್ತಿದ್ದ. ಸೂಜಿ ಕೂಡ ಸಾಹೇಬನಿಗೆ ಕಾಣುತ್ತಿತ್ತು. ಹೊಸ ಕಣ್ಣಿನ ದೊಡ್ಡ ತೊಂದರೆಯೆಂದರೆ ಅದು.

ಅವನು ದುರ್ಬೀನನ್ನು ಕಾಲುಗಳಿಂದ ಕಳಚಿ ಬಗಲಿಗೇರಿಸಿ ಮೆಟ್ಟಿಲಿಳಿದ.

"ರೀ, ಬರೀ ಕೊಳವೆ ತಗೊಂಡು ಏನ್ಮಾಡ್ತೀರಿ? ಕಾಲು ಬೇಡ್ವಾ?" ಎಂದು ಹೆಂಡತಿ ಮೂರು ಕಾಲಿನ ಕಟ್ಟಿಗೆ ಹೊತ್ತು ಹಿಂದೆಯೇ ಬಂದಳು. ತಾರಸಿಯ ಅಂಚಿನಲ್ಲಿ ತಲೆಗಳು ಸಾಲಾದವು.

ದರ್ಜಿ ತಲೆಯೆತ್ತಿದ. ಎದುರಿಗೆ ತಗಡಿನ ಜೀರುಂಡೆ.

"ಬನ್ನಿ" ಎಂದ. "ಏನಾಗ್ಬೇಕಿತ್ತು?"

ರಸ್ತೆ ದಾಟುವಷ್ಟರಲ್ಲಿ ಸಾಹೇಬ ಒಂದು ಘನವಾದ ಮುನ್ನುಡಿ ಸಿದ್ಧಪಡಿಸಿಕೊಂಡಿದ್ದ. "ನೋಡು, ಹಿಂದಿನ ಕಾಲದ ಪಂಡಿತರು..." ಎಂದು ಶುರುಮಾಡಿದ.

"ಪ್ಯಾಂಟು ಏನಾದ್ರೂ ಹರಿದಿದ್ಯಾ?"

"ಇಲ್ಲ. ಭೂಮಿ ನಡುವೆ ಇದೆ ಅಂತ ಅವರು..."

"ಹಾಗಾದ್ರೆ ಗುಂಡಿಯಾ?"

ಮುನ್ನುಡಿ ಅಲ್ಲಿಗೆ ಸತ್ತಿತು. ಸಾಹೇಬ ಪ್ಯಾಂಟಿನ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತ. ಕಿವಿ ಸುಡುತ್ತಿತ್ತು, ಈ ಸಲ ನಾಲಿಗೆಗೆ ಹರಿತ ಬರಲಿಲ್ಲ.

"ನನ್ ಕಣ್ಣಿಗೆ ಪ್ಲಸ್ ಎರಡೂವರೆ ಇದೆ. ದುರ್ಬೀನನ್ನ ನನ್ ಕಣ್ಣಿಗೆ ಕೂರಿಸಿ ಮುದ್ರೆ ಹಾಕ್ಬಿಟ್ಟಿದ್ದೆ. ಸರಿ ಇರೋ ಕಣ್ಣಿಗೆ ಅದ್ರಲ್ಲಿ ಏನೂ ಕಾಣ್ತಿರ್ಲಿಲ್ಲ. ನಿಂಗೆ ಕಾಣ್ಲಿಲ್ಲ ಅಂದಿದ್ದು ಸರಿ."

ದರ್ಜಿಯ ಕೈಯಲ್ಲಿದ್ದ ಸೂಜಿ ನಿಂತಿತು.

"ಏನಂದೆ?"

ಏಕವಚನ ವಾಪಸು ಬಂದಿತ್ತು, ಆದರೆ ಅದರಲ್ಲಿ ಟೀಗೆ ಕರೆಯುವ ಧಾಟಿ ಇರಲಿಲ್ಲ. ಸಾಹೇಬ ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಹೇಳಿದಷ್ಟೂ ಅದು ಚಿಕ್ಕದಾಗುತ್ತ ಹೋಯಿತು, ಅವನೂ ಹಾಗೆಯೇ.

ದರ್ಜಿ ಎದ್ದು ಹೊರಗೆ ಬಂದ. ಹೆಂಡತಿ ಆಗಲೇ ರಸ್ತೆಯಂಚಿನಲ್ಲಿ ಕಾಲು ನಿಲ್ಲಿಸಿದ್ದಳು. ಸಾಹೇಬ ಕೊಳವೆ ಕೂರಿಸಿ, ಗುರುವಿನತ್ತ ತಿರುಗಿಸಿ, ಹಿಂದಕ್ಕೆ ಸರಿದು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡ. "ಒಳಗಿನ ಕೊಳವೆ ಬಿಗಿ ಇಲ್ಲ. ನೀನೇ ಜಾರಿಸ್ಕೊ."

ದರ್ಜಿ ಬಗ್ಗಿದ. ಬಟ್ಟೆಯ ನೆರಿಗೆ ಸರಿಪಡಿಸುವ ಬೆರಳುಗಳಲ್ಲಿ ಕೊಳವೆಯನ್ನು ಕೂದಲೆಳೆಯಷ್ಟು ಹೊರಗೆಳೆದ, ಒಳಗೆ ತಳ್ಳಿದ, ನಿಲ್ಲಿಸಿದ. ತುಂಬ ಹೊತ್ತು ಹಾಗೆಯೇ ಇದ್ದ. ಆಮೇಲೆ ಅವನು ಅಂಗಡಿಯೊಳಗೆ ಹೋಗಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಕತ್ತರಿಸುವ ಹಲಗೆಯ ಮೇಲೆ ಒಂದು ದುಂಡು ಬರೆದ. ಒಂದು ಪಕ್ಕಕ್ಕೆ ಮೂರು ಚುಕ್ಕಿ, ಇನ್ನೊಂದು ಪಕ್ಕಕ್ಕೆ ಒಂದು. ಅಕ್ಕ ಹೇಳಿದ್ದೂ ಅದೇ, ಸಾಹೇಬ ಕಂಡದ್ದೂ ಅದೇ. ಹಲಗೆಯ ಮೇಲೆ ಬಹಳ ದಿನದಿಂದ ಸೀಮೆಸುಣ್ಣದ ಒಂದು ಗೆರೆಯೂ ಬಿದ್ದಿರಲಿಲ್ಲ.

"ಇದೇನಾ?"

"ಇದೇ."

"ಹಾಗಾದ್ರೆ ನನ್ ಕಣ್ಣು ಸರಿಯಿದೆ."

"ಸರಿಯಿದೆ."

"ಅವತ್ತೂ ಸರಿ ಇತ್ತು."

"ಅವತ್ತೂ ಸರಿ ಇತ್ತು. ಕುರ್ಚಿಯಲ್ಲಿ ಕೂರಿಸಿ ನೋಡ್ದಾಗ್ಲೇ ಗೊತ್ತಾಗಿತ್ತು."

ದರ್ಜಿ ಸೀಮೆಸುಣ್ಣವನ್ನು ಹಲಗೆಯ ಮೇಲಿಟ್ಟ. ಅದು ಉರುಳದಂತೆ ಬೆರಳಿನಿಂದ ತಡೆದ.

"ಕಣ್ಣು ಸರಿಯಿದೆ ಅಂತ ಗೊತ್ತಿದ್ರೂ ನರ ಯಾಕಂದೆ?"

ಸಾಹೇಬ ತಗಡಿನ ಫ್ರೇಮನ್ನು ಮೂಗಿನಿಂದ ತೆಗೆದ. ದರ್ಜಿಯ ಮುಖ ಮಬ್ಬಾಯಿತು. ಮಬ್ಬಾದದ್ದು ಹಿತವೆನಿಸಿದ್ದರಿಂದ ಮತ್ತೆ ಹಾಕಿಕೊಂಡ.

"ನಾಲ್ಕು ಜನದ ಎದುರಿಗೆ ನಿನ್ನ ನೋಡಿ ನಗಾಡಿಬಿಟ್ಟಿದ್ದೆ. ನಿನ್ ಕಣ್ಣು ಸರಿ ಅಂದ್ರೆ ತಪ್ಪು ನಂದಾಗ್ತಿತ್ತು, ಅದಕ್ಕೆ."